ವೇದಿಕೆಯ ಮೇಲಿನ ಒಂಬತ್ತು ಹೆಸರು

ಹೊಸದಾಗಿ ಕಾಲೇಜು ಸೇರಿದ ಉಪನ್ಯಾಸಕಿಯೊಬ್ಬಳು ಮೊನ್ನೆ ಫೋನು ಮಾಡಿದ್ದಳು. ಅವಳ ಪ್ರಿನ್ಸಿಪಾಲರು ಊರಿನವರಿಗಾಗಿ ಭಾಷಣ ಕೂಟವೊಂದನ್ನು ನಡೆಸುವ ಹೊಣೆಯನ್ನು ಅವಳ ತಲೆಗೆ ಕಟ್ಟಿದ್ದಾರಂತೆ. “ಮೇಡಂ, ನೀವು ಅಷ್ಟು ವರ್ಷ ನಡಿಸೀರಿ. ಮಂದೀನ ಹ್ಯಾಂಗ ಕೂಡಿಸಬೇಕು, ಹ್ಯಾಂಗ ಉಳಿಸ್ಕೋಬೇಕು, ಏನರ ಬರದು ಕೊಡ್ರಿ” ಎಂದಳು. ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. ಒಪ್ಪುವಾಗ ಅದು ಸುಲಭದ ಕೆಲಸ ಅನ್ನಿಸಿತ್ತು.

ನಾನು ರಾಜ್ಯಶಾಸ್ತ್ರ ಕಲಿಸುತ್ತಿದ್ದವಳು. ಮೊದಲು ಬಸವಕಲ್ಯಾಣ, ಆಮೇಲೆ ಹುಮನಾಬಾದು. ಆದರೆ ಈ ಎರಡು ಊರುಗಳಲ್ಲಿ ಇವತ್ತಿಗೂ ಯಾರಾದರೂ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಗುರುತು ಹಿಡಿದರೆ ‘ಮಾತಿನ ಕೂಟದ ಮೇಡಂ’ ಎಂದೇ. ತೊಂಬತ್ತರ ದಶಕದ ಆರಂಭದಿಂದ ನಿವೃತ್ತಿಯವರೆಗೆ ಭಾನುವಾರ ಎಂದರೆ ನನಗೆ ಕೂಟವೇ. ಆ ವರ್ಷಗಳ ದಿನಚರಿಗಳು ನನ್ನ ಹತ್ತಿರ ಇವೆ. ನೆನಪಿನಿಂದ ಬರೆಯುವ ಬದಲು ಅವುಗಳನ್ನು ನೋಡಿಕೊಂಡು ಬರೆಯೋಣ ಎಂದು ಟ್ರಂಕಿನಿಂದ ಹೊರಗೆ ತೆಗೆದೆ. ಸುಜಾತಾ ಎಂಬ ಶಿಕ್ಷಕಿಯ ಕೆಲಸ ಹೇಗೆ ಹೋಯಿತು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆಗೂ, ನನ್ನದೇ ಅಕ್ಷರದಲ್ಲಿ ಅಲ್ಲಿ ಬರೆದಿರುವುದಕ್ಕೂ ತಾಳೆಯಾಗಲಿಲ್ಲ. ಹಾಗಾಗಿ ಈ ಬರಹ ಆ ಹುಡುಗಿ ಕೇಳಿದ ಹಾಗಿಲ್ಲ. ಕೇಳಿದ್ದೂ ಇದೆ, ಆದರೆ ಸುಜಾತಾಳ ವಿಷಯವೇ ಹೆಚ್ಚು.

ಕೂಟ ಶುರುವಾದದ್ದು ಬಸವಕಲ್ಯಾಣದ ವಾಚನಾಲಯವೊಂದರ ಮೇಲಿನ ಕೋಣೆಯಲ್ಲಿ. ಮೊದಲ ಭಾನುವಾರ ಏಳು ಜನ ಬಂದಿದ್ದರು. ಅವರಲ್ಲಿ ಮೂವರು ಪತ್ರಿಕೆ ಓದಲು ಬಂದವರು, ಕೆಳಗೆ ಫ್ಯಾನು ಕೆಟ್ಟಿತ್ತೆಂದು ಮೇಲೆ ಹತ್ತಿದ್ದರು. ನಾನು ಅವರನ್ನೂ ಸದಸ್ಯರೆಂದು ಬರೆದುಕೊಂಡೆ. ಸದಸ್ಯರ ಪಟ್ಟಿಯನ್ನು ಹಿಗ್ಗಿಸುವ ಈ ಚಾಳಿ ನನಗೆ ಕೊನೆಯವರೆಗೂ ಹೋಗಲಿಲ್ಲ. ಪಟ್ಟಿ ಬೆಳೆಯುತ್ತಿತ್ತು, ಕುರ್ಚಿಗಳು ಬೆಳೆಯುತ್ತಿರಲಿಲ್ಲ. ಕೂಟ ನಡೆಸಲು ಹೊರಟವರು ಪಟ್ಟಿಯನ್ನು ನೋಡಬಾರದು, ಎರಡು ಸಲ ಬಂದು ಮೂರನೇ ಸಲ ಬಾರದವರು ಯಾರು ಎಂದು ನೋಡಬೇಕು. ಇದು ನನಗೆ ಬಹಳ ತಡವಾಗಿ ತಿಳಿಯಿತು.

ಆ ಏಳು ಜನರಲ್ಲಿ ಇಸ್ಮಾಯಿಲ್ ಸಾಬ್ ಒಬ್ಬರು. ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದರು, ನನಗಿಂತ ಹದಿನೈದು ವರ್ಷ ಹಿರಿಯರು. ಮೊದಲ ದಿನವೇ ಗಡಿಯಾರದ ಬಗ್ಗೆ ಮಾತಾಡಲು ನಿಂತರು. ಅವರ ಮಾತಿನಲ್ಲಿ ಕನ್ನಡ, ದಖನಿ ಉರ್ದು, ಮರಾಠಿ ಮೂರೂ ಒಂದೇ ವಾಕ್ಯದಲ್ಲಿ ಕೂತಿರುತ್ತಿದ್ದವು. ನಮ್ಮ ಕಡೆ ಎಲ್ಲರದ್ದೂ ಸ್ವಲ್ಪ ಹಾಗೆಯೇ. ಆದರೆ ನಾನು ವಿಶ್ವವಿದ್ಯಾಲಯದಿಂದ ಬಂದವಳು, ಶುದ್ಧ ಕನ್ನಡದ ನಿಯಮ ಮಾಡಿದ್ದೆ. ನಾಲ್ಕು ಸಲ ತಡೆದು ತಿದ್ದಿದೆ. ಐದನೇ ಸಲ ಅವರು ಸುಮ್ಮನೆ ನಕ್ಕು ಕೂತುಬಿಟ್ಟರು. ಮುಂದಿನ ಭಾನುವಾರ ಒಂದು ಅಲಾರಂ ಗಡಿಯಾರ ಹಿಡಿದುಕೊಂಡು ಬಂದು, “ಮೇಡಂ, ಮಾತಾಡೋ ಕೆಲಸ ನಿಮ್ಮವರು ಮಾಡ್ಲಿ. ಟೈಮ ನೋಡೋದು ನಂದು” ಎಂದರು.

ಆಮೇಲೆ ಹನ್ನೆರಡು ವರ್ಷ ಅವರು ಸಮಯಪಾಲಕರಾಗಿದ್ದರು. ಐದು ನಿಮಿಷಕ್ಕೆ ಗಂಟೆ, ಆರು ನಿಮಿಷಕ್ಕೆ “ಖತಮ್ ಮಾಡ್ರಿ ಭಾಯಿ.” ಒಬ್ಬ ವಿಮಾ ಏಜೆಂಟ ಬರುತ್ತಿದ್ದ. ವಿಷಯ ಬೇಸಿಗೆಯ ನೀರಿನದಾಗಲಿ, ಕ್ರಿಕೆಟ್ಟಿನದಾಗಲಿ, ಕೊನೆಗೆ ಬಂದು ನಿಲ್ಲುವುದು “ಮನಿಷ್ಯಾನ ಜೀವಕ್ಕ ಏನು ಭರೋಸಾ ಅದರಿ” ಎಂಬಲ್ಲಿಗೆ. ‘ಭರೋಸಾ’ ಬಂದ ತಕ್ಷಣ, ಎರಡೇ ನಿಮಿಷವಾಗಿರಲಿ, ಇಸ್ಮಾಯಿಲ್ ಸಾಬ್ ಗಂಟೆ ಬಾರಿಸಿಬಿಡುವರು. “ಇನ್ನಾ ಟೈಮ ಅದಲ್ರಿ ಚಾಚಾ” ಎಂದು ಅವನು ಬೇಡಿಕೊಂಡರೆ, “ನಿಂದು ಟೈಮ ಅದ, ನಮ್ದು ಖತಮ್ ಆತು” ಎನ್ನುವರು. ಇಷ್ಟು ಮಾತು ಬಲ್ಲವರು ಎದ್ದು ನಿಂತು ಮಾತಾಡಲಿಲ್ಲವಲ್ಲ, ಯಾಕೆ ಎಂದು ನಾನು ಕೇಳಲಿಲ್ಲ. ಕೆಲವು ವರ್ಷಗಳ ಮೇಲೆ ಯಾರು ಯಾವ ಭಾಷೆಯಲ್ಲಾದರೂ ಮಾತಾಡಬಹುದು ಎಂದು ನಿಯಮ ಬದಲಿಸಿದೆ. ಕೋಣೆ ತುಂಬಿತು. ಇಸ್ಮಾಯಿಲ್ ಸಾಬ್ ಮಾತ್ರ ಗಡಿಯಾರ ಬಿಟ್ಟು ಏಳಲಿಲ್ಲ.

ಇನ್ನೊಂದು ನಿಯಮವನ್ನು ಮಾತ್ರ ನಾನು ಆಗ ಬದಲಿಸಲಿಲ್ಲ. ಅದು ಹೆಸರುಗಳ ನಿಯಮ.

ನಮ್ಮ ಕಡೆಯ ಸಭೆಗಳನ್ನು ನೋಡಿದವರಿಗೆ ಇದು ಗೊತ್ತು. ಮೈಕಿನ ಮುಂದೆ ಬಂದವರು ಮೊದಲು ವೇದಿಕೆಯ ಮೇಲೆ ಕೂತವರ ಹೆಸರುಗಳನ್ನು ಹೇಳಬೇಕು. ಅಧ್ಯಕ್ಷತೆ ವಹಿಸಿದವರು, ಉದ್ಘಾಟಿಸಿದವರು, ಅತಿಥಿಗಳು, ಹಿರಿಯರು, ಒಬ್ಬೊಬ್ಬರ ಹೆಸರಿನ ಹಿಂದೆ ಮುಂದೆ ಎರಡೆರಡು ವಿಶೇಷಣ. ಹತ್ತು ಜನ ಮಾತಾಡಿದರೆ ಹತ್ತು ಸಲ ಅದೇ ಹೆಸರುಗಳು. ಕೂಟದಲ್ಲಿ ನಾನು ಇದನ್ನು ನಿಷೇಧಿಸಿದ್ದೆ. “ನೇರ ವಿಷಯಕ್ಕೆ ಬನ್ನಿ” ಎಂಬುದು ನಮ್ಮ ಮೊದಲ ಪಾಠ. ಮೊದಲ ವಾಕ್ಯದಲ್ಲಿ ಕೇಳುಗರನ್ನು ಹಿಡಿಯದಿದ್ದರೆ ಮುಂದೆ ಹಿಡಿಯಲಾಗದು ಎಂದು ಹೇಳುತ್ತಿದ್ದೆ. ಅದು ಇವತ್ತಿಗೂ ಸುಳ್ಳೆನಿಸಿಲ್ಲ.

ಆದರೆ ಕಾಲೇಜಿನಲ್ಲಿ ನಾನು ಮಾಡುತ್ತಿದ್ದುದು ಬೇರೆ. ನಮ್ಮ ಪ್ರಿನ್ಸಿಪಾಲರು ಒಳ್ಳೆಯವರೇ, ಆದರೆ ಉದ್ಘಾಟನೆಯಿಲ್ಲದೆ ಅವರಿಗೆ ಏನೂ ಶುರುವಾಗುತ್ತಿರಲಿಲ್ಲ. ಸ್ವಾಗತ ಭಾಷಣ ಯಾವಾಗಲೂ ನನ್ನದು. “ಹೆಸರ ಬಿಟ್ರ ಊರಾಗ ತಿರುಗ್ಯಾಡೋದು ನಾನು, ನೀವಲ್ಲ” ಎಂದು ನಗುತ್ತಲೇ ಎಚ್ಚರಿಸುತ್ತಿದ್ದರು. ದೊಡ್ಡವರಿಂದ ಸಣ್ಣವರವರೆಗೆ ಯಾರ ನಂತರ ಯಾರು ಎಂದು ರಟ್ಟಿನ ಮೇಲೆ ಬರೆದುಕೊಂಡು ಹೋಗಿ ಒಂದೂ ಬಿಡದೆ ಓದುತ್ತಿದ್ದೆ. ಶನಿವಾರ ಹೆಸರುಗಳನ್ನು ಓದಿ, ಭಾನುವಾರ ಹೆಸರು ಓದಬೇಡಿರೆಂದು ಕಲಿಸುತ್ತಿದ್ದೆ. ಇವೆರಡರ ನಡುವಿನ ವ್ಯತ್ಯಾಸ ಅಂದು ನನಗೆ ಕಾಣಲಿಲ್ಲ ಎಂದರೆ ಈಗ ನನಗೇ ನಂಬಿಕೆ ಬರುವುದಿಲ್ಲ.

ನನಗೆ ಹುಮನಾಬಾದಿಗೆ ವರ್ಗವಾದ ಮೇಲೆ ಅಲ್ಲೂ ಕೂಟ ಶುರುಮಾಡಿದೆ. ಒಂದು ಭಾನುವಾರ ಇಲ್ಲಿ, ಒಂದು ಭಾನುವಾರ ಅಲ್ಲಿ. ಇಸ್ಮಾಯಿಲ್ ಸಾಬ್ ಗಡಿಯಾರವನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿಗೆ ಬರುತ್ತಿದ್ದರು. ಅದೇ ಬಸ್ಸಿಗೆ ರಾಜೇಶ್ವರದಲ್ಲಿ ಹತ್ತುತ್ತಿದ್ದವಳು ಸುಜಾತಾ. ಅಲ್ಲಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಖಾಸಗಿ ಪ್ರೌಢಶಾಲೆಯಲ್ಲಿ ಐದು ವರ್ಷದಿಂದ ತಾತ್ಕಾಲಿಕ ಶಿಕ್ಷಕಿ. ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ದಲಿತ ಓಣಿಯ ಬೌದ್ಧ ಮನೆತನ, ತಂದೆ ತಾಯಿ ಇಬ್ಬರೂ ಹೊಲದ ಕೂಲಿ. ಮನೆಯಲ್ಲಿ ಮೊದಲು ಪದವಿ ಪಡೆದವಳು ಅವಳೇ. ಅವಳು ಕೂಟಕ್ಕೆ ಬಂದ ಮರುವರ್ಷದ ಬೇಸಿಗೆಯಲ್ಲಿ ಶಾಲೆಯ ಆಡಳಿತ ಮಂಡಳಿ ಕಾಯಂ ಮಾಡಬೇಕಾದ ಶಿಕ್ಷಕರ ಪಟ್ಟಿಯನ್ನು ಇಲಾಖೆಗೆ ಕಳಿಸುವುದಿತ್ತು. ಅವಳ ಹೆಸರು ಅದರಲ್ಲಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಬಂದರೆ ತಂದೆ ತಾಯಿ ಕೂಲಿ ಬಿಡಬಹುದಿತ್ತು.

ಕೂಟಕ್ಕೆ ಬಂದ ಮೊದಲ ದಿನ ಅವಳು ಎದ್ದು ನಿಂತು, “ನಂದು ಧ್ವನಿ ಸಣ್ಣದು, ಹಿಂದಿನವರಿಗಿ ಕೇಳಸ್ಲಿಲ್ಲಂದ್ರ ಕೈ ಮ್ಯಾಲ ಮಾಡ್ರಿ” ಎಂದಳು. ಹಿಂದೆ ಕೂತ ವಿಮಾ ಏಜೆಂಟ ಅವಳು ಮುಂದಿನ ಮಾತಿಗೆ ಬಾಯಿ ತೆರೆಯುವ ಮೊದಲೇ ಕೈ ಎತ್ತಿದ. “ಅಣ್ಣಾರ, ಇನ್ನಾ ಶುರುನೇ ಮಾಡಿಲ್ಲ, ಕೈ ಇಳಸ್ರಿ” ಎಂದಳು. ಎಲ್ಲರೂ ನಕ್ಕರು. ಒಂದು ವರ್ಷದೊಳಗೆ ಕೂಟದಲ್ಲಿ ಅವಳಷ್ಟು ಚೆನ್ನಾಗಿ ಮಾತಾಡುವವರು ಇರಲಿಲ್ಲ. ಅವಳು ಮಾತಾಡುವ ದಿನ ಜನ ಹೆಚ್ಚು ಸೇರುತ್ತಿದ್ದರು. ಅವಳ ಓಣಿಯಿಂದಲೇ ಐದಾರು ಹುಡುಗ ಹುಡುಗಿಯರು ಬರತೊಡಗಿದ್ದರು.

ಅವಳ ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಶಿಕ್ಷಕರ ಪರವಾಗಿ ಮಾತಾಡಲು ಅವಳಿಗೆ ಹೇಳಿದರು. ನನ್ನನ್ನೂ ಇಸ್ಮಾಯಿಲ್ ಸಾಬರನ್ನೂ ಕರೆದಿದ್ದಳು. ನಾವು ಎರಡನೇ ಸಾಲಿನಲ್ಲಿ ಕೂತಿದ್ದೆವು. ವೇದಿಕೆಯ ಮೇಲೆ ಒಂಬತ್ತು ಜನ. ಸುಜಾತಾ ಬಂದಳು, ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು.

“ಹೋದ ವರ್ಷ ಊರಿನ ಪ್ರಾಥಮಿಕ ಶಾಲೆಯ ಏಳನೇ ಇಯತ್ತೆಯಲ್ಲಿ ಹನ್ನೊಂದು ಹುಡುಗಿಯರಿದ್ದರು. ಈ ವರ್ಷ ನಮ್ಮಲ್ಲಿಗೆ ಎಂಟನೇ ಇಯತ್ತೆಗೆ ನಾಲ್ವರು ಬಂದಿದ್ದಾರೆ. ಉಳಿದ ಏಳು ಮಂದಿ ಎಲ್ಲಿದ್ದಾರೆ ಎಂದು ಇಲ್ಲಿ ಕೂತ ಎಲ್ಲರಿಗೂ ಗೊತ್ತು. ಅವರ ಹೆಸರು ಹೇಳುತ್ತೇನೆ.”

ಏಳು ಹೆಸರುಗಳನ್ನು ಹೇಳಿದಳು, ಒಂದೊಂದರ ನಂತರ ಸ್ವಲ್ಪ ನಿಲ್ಲಿಸಿ. ವೇದಿಕೆಯ ಮೇಲೆ ಕೂತವರಲ್ಲಿ ಯಾರ್ಯಾರ ಹೊಲದಲ್ಲಿ ಅವರು ಕಳೆ ಕೀಳುತ್ತಿದ್ದಾರೆ ಎಂದು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಹುಡುಗಿಯರು ಮತ್ತೆ ಶಾಲೆಗೆ ಬಂದರೆ ಸಂಜೆ ತಾನೇ ಬೇರೆಯಾಗಿ ಪಾಠ ಹೇಳುತ್ತೇನೆ ಎಂದಳು. ಐದೇ ನಿಮಿಷ. ಇಸ್ಮಾಯಿಲ್ ಸಾಬ್ ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡು, “ಸೆಕೆಂಡ್ ಸುದ್ದಾ ಹೆಚ್ಚಿಗಿ ಇಲ್ಲ” ಎಂದು ನನ್ನ ಕಡೆ ಬಾಗಿ ಹೇಳಿದರು. ನಾನು ಚಪ್ಪಾಳೆ ತಟ್ಟಿದೆ. ಹಿಂದೆ ನಿಂತ ಹೆಂಗಸರೂ ತಟ್ಟಿದರು. ಮುಂದಿನ ಸಾಲಿನವರು ತಟ್ಟಲಿಲ್ಲ. ವೇದಿಕೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎಂಟು ದಿನದೊಳಗೆ ಸುದ್ದಿ ಬಂತು. ಪಟ್ಟಿಯಲ್ಲಿ ಅವಳ ಹೆಸರಿಲ್ಲ, ಜೂನಿನಿಂದ ಬರುವುದು ಬೇಡ ಎಂದಿದ್ದಾರೆ. ಕಾರಣ ಯಾರೂ ಬರೆದುಕೊಟ್ಟಿಲ್ಲ. ಆದರೆ ಊರಲ್ಲಿ ಎಲ್ಲರ ಬಾಯಲ್ಲಿ ಒಂದೇ ಮಾತು: ಕೂತ ಹಿರಿಯರ ಹೆಸರು ಹೇಳಲಿಲ್ಲ, ಎಷ್ಟು ಸೊಕ್ಕು.

ನಾನೂ ಇಸ್ಮಾಯಿಲ್ ಸಾಬರೂ ಶಾಲೆಯ ಅಧ್ಯಕ್ಷರ ಮನೆಗೆ ಹೋದೆವು. ಪಡಸಾಲೆಯಲ್ಲಿ ಕೂಡಿಸಿದರು, ಚಹಾ ತರಿಸಿದರು. ದನಿ ಏರಿಸದ ಮನುಷ್ಯ.

“ನಿಮ್ಮ ಶಿಷ್ಯಾ ಛಲೋ ಮಾತಾಡಿದಳರಿ. ಎಂಟು ದಿನದಿಂದ ಊರಾಗ ಅದೇ ಮಾತ ನಡದದ” ಎಂದರು. ಆಮೇಲೆ, “ಒಂಬತ್ತು ಮಂದಿ ಕುಂತಿದ್ವಿ ಮೇಡಂ. ಆಕಿ ಕಣ್ಣಿಗಿ ಖುರ್ಚಿ ಖಾಲಿ ಕಂಡ್ವೇನು?”

ಚೆನ್ನಾಗಿ ಮಾತಾಡಲು ನೇರ ವಿಷಯಕ್ಕೆ ಬರಬೇಕು ಎಂದು ನಾನು ಏನೋ ಹೇಳಲು ಹೋದೆ.

“ಹೌದ್ರಿ? ಹೋದ ತಿಂಗಳ ನಿಮ್ಮ ಕಾಲೇಜಿಗಿ ನಾ ಬಂದಿದ್ದೆ. ನೀವೇ ಸ್ವಾಗತ ಮಾಡಿದ್ರಿ. ನನ್ನ ಹೆಸರು ಐದನೇದು ಇತ್ತು. ನಮ್ಮ ತಂದಿಯವರ ಹೆಸರ ಸುದ್ದಾ ತಗೊಂಡ್ರಿ. ನಿಮಗ ಬೇಕಾದ್ದು ಆಕಿಗಿ ಯಾಕ ಬ್ಯಾಡಾತು?”

ಈ ಮಾತುಗಳು ದಿನಚರಿಯಲ್ಲಿ ಇವೆ, ಅಂದೇ ಬರೆದಿದ್ದೇನೆ. ನಾನು ಹೆಸರು ಬಿಟ್ಟಿದ್ದರೆ ‘ಮೇಡಂ ಹೊಸ ನಮೂನಿ ಮಾತಾಡ್ತಾರ’ ಎನ್ನುತ್ತಿದ್ದರು. ಅವಳು ಬಿಟ್ಟರೆ ಸೊಕ್ಕು. ಇಷ್ಟು ಸಣ್ಣ ಸಂಗತಿಯನ್ನು ರಾಜ್ಯಶಾಸ್ತ್ರ ಓದಿದ ನಾನು ಅಧ್ಯಕ್ಷರ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕಲಿಯಬೇಕಾಯಿತು. ಮುಂದಿನದನ್ನು ದಿನಚರಿ ಹೇಳುವುದು ಎರಡೇ ಸಾಲಿನಲ್ಲಿ: ‘ಒಂದು ತಾಸು ಕೂತೆವು. ಹೇಳುವುದನ್ನು ಹೇಳಿ ಬಂದೆವು.’ ನನ್ನ ನೆನಪು ಇದಕ್ಕೆ ಹೆಚ್ಚು ಸೇರಿಸುತ್ತದೆ. ಹಾಗೆ ಕಲಿಸಿದ ತಪ್ಪು ನನ್ನದು ಎಂದು ನಾನು ಹೇಳಿದೆ, ಅಧ್ಯಕ್ಷರು ಒಪ್ಪಲಿಲ್ಲ, ನಾವು ಎದ್ದು ಬಂದೆವು ಎಂದು.

ಸುಜಾತಾ ಕೂಟಕ್ಕೆ ಬರುವುದು ನಿಂತಿತು. ಅವಳ ಓಣಿಯ ಹುಡುಗ ಹುಡುಗಿಯರೂ ಬರಲಿಲ್ಲ. ಪರೀಕ್ಷೆಯ ಕಾಲ ಎಂದು ನಾನು ಬರೆದುಕೊಂಡಿದ್ದೇನೆ. ಪರೀಕ್ಷೆ ಮುಗಿದ ಮೇಲೂ ಅವರು ಬರಲಿಲ್ಲ ಎಂಬುದನ್ನು ಬರೆದುಕೊಂಡಿಲ್ಲ.

ಕೂಟ ಮುಂದುವರಿಯಿತು. ಕಲಿಸುವ ಬಗೆ ಬದಲಾಯಿತು. ಮೊದಲು ನಾನು ಎಲ್ಲರ ಭಾಷಣವನ್ನೂ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಆಮೇಲೆ ಒಂದು ಟೇಪ್ ರೆಕಾರ್ಡರ್ ಬಂತು, ತಮ್ಮ ಮಾತನ್ನು ತಾವೇ ಕೇಳಿ ತಿದ್ದಿಕೊಳ್ಳುವುದು ರೂಢಿಯಾಯಿತು. ಎರಡು ಸಾವಿರದ ನಂತರ ಹುಡುಗರು ಸಂದರ್ಶನಕ್ಕೆಂದೇ ಬರತೊಡಗಿದರು, ಮೂರು ತಿಂಗಳು ಇದ್ದು ಕೆಲಸ ಸಿಕ್ಕೊಡನೆ ಹೋಗುವವರು. ಕಬ್ಬು ನುರಿಸುವ ದಿನಗಳಲ್ಲಿ ಸಕ್ಕರೆ ಕಾರ್ಖಾನೆಯಿರುವ ಹಳ್ಳಿಖೇಡದ ಕಡೆಯವರು ಬರುತ್ತಿರಲಿಲ್ಲ. ಮೊಬೈಲು ಬಂದ ಮೇಲೆ ಇಸ್ಮಾಯಿಲ್ ಸಾಬರ ಗಂಟೆಗಿಂತ ಅದರ ಗಂಟೆಯೇ ಹೆಚ್ಚಾಯಿತು. ಹೊಸ ಸದಸ್ಯರಿಗೆ ಮೊದಲ ದಿನ ನಾನು ಒಂದು ಕಥೆ ಹೇಳುತ್ತಿದ್ದೆ: ನಮ್ಮಲ್ಲಿ ಒಬ್ಬ ಜಾಣ ಹುಡುಗಿ ಇದ್ದಳು, ವೇದಿಕೆಯ ಮೇಲಿನ ಹೆಸರುಗಳನ್ನು ಹೇಳಲು ಮರೆತು ಕೆಲಸ ಕಳೆದುಕೊಂಡಳು, ಆದ್ದರಿಂದ ಹೆಸರುಗಳನ್ನು ಬರೆದುಕೊಂಡು ಹೋಗಿ. ಹತ್ತಾರು ಸಲ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದು ನಡೆದದ್ದೇ ಹಾಗೆ ಎಂದು ನನಗೂ ಆಯಿತು.

ಈಗ ದಿನಚರಿಯಲ್ಲಿ ಸಿಕ್ಕಿದ ಸಾಲು ಇದು. ಗ್ಯಾದರಿಂಗಿನ ಹಿಂದಿನ ಭಾನುವಾರದ್ದು. ‘ಸುಜಾತಾಳ ಭಾಷಣ ನೋಡಿದೆ. ಮೊದಲ ಪುಟದಲ್ಲಿ ಒಂಬತ್ತು ಹೆಸರು ಬರೆದುಕೊಂಡಿದ್ದಳು. ಗೆರೆ ಎಳೆದು ಹೊಡೆದುಹಾಕಿದೆ. ನೇರ ವಿಷಯಕ್ಕೆ ಬರಲಿ. ಇವು ಬೇಕಾಗಬಹುದು ಮೇಡಂ ಎಂದಳು. ನಾನು ಒಪ್ಪಲಿಲ್ಲ.’

ಎರಡು ದಿನ ನನಗೆ ಬೇರೆ ಏನೂ ಬರೆಯಲಾಗಲಿಲ್ಲ. ಇಸ್ಮಾಯಿಲ್ ಸಾಬ್ ಈಗಿಲ್ಲ, ಆ ಅಧ್ಯಕ್ಷರೂ ಇಲ್ಲ. ಆ ಪಡಸಾಲೆಯಲ್ಲಿ ನಾನು ನಿಜವಾಗಿ ಏನು ಹೇಳಿದೆ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ ಅಂದುಕೊಂಡೆ. ಆದರೂ ಸುಜಾತಾಳನ್ನು ನೋಡಿ ಕ್ಷಮೆಯನ್ನಾದರೂ ಕೇಳಬೇಕು ಅನ್ನಿಸಿತು. ಕೆಲಸ ಹೋದ ಮೇಲೆ ನಾಲ್ಕು ವರ್ಷ ಅವಳು ತಾಯಿಯ ಜೊತೆ ಕೂಲಿಗೆ ಹೋಗುತ್ತ ಪರೀಕ್ಷೆಗೆ ಓದಿ, ಸರ್ಕಾರಿ ಶಾಲೆಗೆ ಆಯ್ಕೆಯಾಗಿದ್ದಳು. ಈಗ ಹಳ್ಳಿಖೇಡದ ಆಚೆಗಿನ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಮಧ್ಯಾಹ್ನದ ಬಿಡುವಿನಲ್ಲಿ ಹೋದೆ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

“ಕುಂದ್ರಿ ಮೇಡಂ. ಬಿಸಿಲಾಗ ಯಾಕ ಬರಾಕ ಹೋದ್ರಿ, ಫೋನ ಮಾಡಿದ್ರ ನಾನೇ ಬರ್ತಿದ್ದೆ” ಎಂದಳು.

ದಿನಚರಿ ತೆಗೆದು ಆ ಸಾಲು ಓದಿದೆ. ತಪ್ಪು ನನ್ನದಿತ್ತು, ಇಷ್ಟು ವರ್ಷ ನಿನ್ನ ಮೇಲೆ ಹಾಕಿದೆ, ಎಂದೆ. ಅವಳು ದಿನಚರಿಯನ್ನು ತನ್ನ ಕಡೆ ತಿರುಗಿಸಿಕೊಂಡು ಆ ಸಾಲನ್ನು ತಾನೂ ಓದಿದಳು.

“ನೀವು ಎಳದಿದ್ದು ಒಂದು ಗೆರಿ ಮೇಡಂ. ಗೆರಿ ಕೆಳಗ ಹೆಸರು ಕಾಣಸ್ತಿದ್ವು. ಓದಬೇಕಂದಿದ್ರ ಓದ್ತಿದ್ದೆ. ಮೈಕಿನ ಮುಂದ ನಿಂತಾಗ ಒಂಬತ್ತೂ ನನ್ನ ಬಾಯಾಗ ಇದ್ವು. ಮೊದಲ ಆ ಹುಡಿಗ್ಯಾರ ಹೆಸರು ಬರ್ಲಿ ಅನಿಸ್ತು. ಅವು ಬಂದ ಮ್ಯಾಲ ಇವು ಬ್ಯಾಡ ಅನಿಸಿದ್ವು.”

“ಅಧ್ಯಕ್ಷರಿಗೆ ನಾನು ಹೇಳಿದೆ, ನನ್ನದೇ ತಪ್ಪು ಅಂತ. ಅವರು ಒಪ್ಪಲಿಲ್ಲ.”

ಸುಜಾತಾ ನನ್ನನ್ನು ನೋಡಿದಳು. “ಇಲ್ಲರಿ. ಅವರು ಒಪ್ಪಿದ್ರು.”

“ಏನು ಒಪ್ಪಿದರು?” ಎಂದೆ.

“ನೀವು ಅಧ್ಯಕ್ಷರ ಮನಿಗಿ ಹೋದ ಮರುದಿನಾ ಮುಂಜಾನಿ ಇಸ್ಮಾಯಿಲ್ ಚಾಚಾ ನಮ್ಮನಿಗಿ ಬಂದಿದ್ರು. ‘ಬೇಟಿ, ನೌಕರಿ ಉಳದದ. ಹುಡುಗಿ ಅಂಜಿ ಹೆಸರ ಮರತಾಳಂತ ಮೇಡಂ ಹೇಳ್ಯಾರ. ನೀ ಹೋಗಿ ಅಷ್ಟೇ ಅನ್ನು, ಮರತೆ ಅಂತ. ಮಾಫಿ ಕೇಳೋದೂ ಬ್ಯಾಡಂತ. ಪಟ್ಟಿಗಿ ನಿನ್ನ ಹೆಸರ ಹಾಕ್ತಾರ’ ಅಂದ್ರು. ನಿಮಗ ನೆನಪಿಲ್ಲೇನು?”

ಅವಳು ಹೇಳಿದ ಮೇಲೆ ಆ ಪಡಸಾಲೆ ಕಣ್ಣ ಮುಂದೆ ಬಂತು. ‘ಚಿಕ್ಕವಳು, ಗಾಬರಿಯಾಗಿ ಮರೆತಿದ್ದಾಳೆ’ ಎಂದು ನನ್ನ ದನಿ ಹೇಳುವುದು ಕೇಳಿಸಿತು. ಅದು ನಿಜವಾದ ನೆನಪೋ, ಅವಳ ಮಾತಿನಿಂದ ಆಗ ಹುಟ್ಟಿಕೊಂಡದ್ದೋ, ಹೇಳಲಾರೆ. ಅವಳನ್ನು ಉಳಿಸಲು ಹಾಗೆ ಹೇಳಿದೆನೋ, ಗೆರೆ ಎಳೆದ ನನ್ನನ್ನೇ ಮುಚ್ಚಿಡಲೋ, ಅದನ್ನೂ ಹೇಳಲಾರೆ.

“ನೀನು ಹೋಗಲಿಲ್ಲ” ಎಂದೆ.

“ಹೋಗಲಿಲ್ಲರಿ. ನಮ್ಮವ್ವ ಎಂಟು ದಿನಾ ನನ್ನ ಕೂಡ ಮಾತು ಬಿಟ್ಟಳು. ಒಂದು ಮಾತಿಗಿ ಆರು ವರ್ಷದ ನೌಕರಿ ಕಳಕೊಂಡೆಲ್ಲ, ಅಂಥಾದ್ದೇನದ ಆ ಮಾತಿನಾಗ ಅಂತ. ಆಕಿಗಿ ತಿಳಿಸಿ ಹೇಳಾಕ ನನಗ ಬರಲಿಲ್ಲ. ಭಾಷಣ ಕಲ್ತಾಕಿ ನಾನು, ಅವ್ವಗ ಹೇಳಾಕ ಬರಲಿಲ್ಲ.” ನಕ್ಕಳು. “ಜೂನಿನಾಗ ಆ ಏಳರಾಗ ಇಬ್ಬರು ಶಾಲಿಗಿ ಬಂದ್ರಂತ. ನಾ ಅಲ್ಲಿದ್ದಿಲ್ಲ.”

ಹೊರಗೆ ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ಕ್ಷಮೆ ಯಾವುದಕ್ಕೆ ಕೇಳಬೇಕು ಎಂಬುದೇ ಬದಲಾಗಿಬಿಟ್ಟಿತ್ತು. ಹೊಸ ಉಪನ್ಯಾಸಕಿಗಾಗಿ ಬರೆಯುತ್ತಿದ್ದೇನೆ, ಇದನ್ನೂ ಬರೆಯಲೇ, ಎಂದು ಮಾತ್ರ ಕೇಳಿದೆ.

“ಬರೀರಿ. ಆ ಅಧ್ಯಕ್ಷರದ್ದು ಬ್ಯಾಡ, ಅವರೂ ಈಗಿಲ್ಲ. ನಿಮ್ಮ ಗೆರಿದೂ ಬಿಟ್ರ ನಡೀತದ” ಎಂದಳು. ಗಂಟೆ ಹೊಡೆಯಿತು, ಏಳುತ್ತ ಸೀರೆಯ ನೆರಿಗೆ ಸರಿಮಾಡಿಕೊಂಡಳು. “ಒಂದು ಮಾತ್ರ ಬಿಡಬ್ಯಾಡ್ರಿ. ಸುಜಾತಾ ಮರತಿದ್ದಿಲ್ಲ ಅಂತ ಬರೀರಿ.”

ಅವಳು ಬೇಡವೆಂದದ್ದನ್ನೂ ಬರೆದಿದ್ದೇನೆ. ಸುಜಾತಾ ಮರೆತಿರಲಿಲ್ಲ.